ಕೀಲಿಕೈ ಕೊಡದೆ ಬಿಟ್ಟುಹೋದ ಮನೆ: 2005ರಲ್ಲಿ ಇಸ್ರೇಲ್–ಪ್ಯಾಲೆಸ್ಟೀನ್ ನಡುವೆ ಮೂಡಿದ್ದ ಆಸೆ

2004ರ ನವೆಂಬರ್ 11ರಂದು ಪ್ಯಾರಿಸ್ ಪಕ್ಕದ ಸೇನಾ ಆಸ್ಪತ್ರೆಯೊಂದರಲ್ಲಿ ಪ್ಯಾಲೆಸ್ಟೀನಿಯರ ನಾಯಕ ಯಾಸಿರ್ ಅರಾಫತ್ ತೀರಿಕೊಂಡರು. ಮರುದಿನ ದೇಹವನ್ನು ಹೆಲಿಕಾಪ್ಟರಿನಲ್ಲಿ ರಾಮಲ್ಲಾಕ್ಕೆ ತಂದು ಮುಕಾತಾ ಎಂಬ ಆವರಣದಲ್ಲಿ ಇಳಿಸಿದರು. ಅದು ಅವರ ಕಚೇರಿ, ಅದೇ ಮನೆ. ಕೊನೆಯ ಎರಡೂವರೆ ವರ್ಷ ಹೆಚ್ಚುಕಡಿಮೆ ಅದೇ ಅವರ ಸೆರೆಮನೆ. ಇಸ್ರೇಲಿ ಟ್ಯಾಂಕುಗಳು, ಬುಲ್ಡೋಜರುಗಳು ಅಲ್ಲಿನ ಬಹುಪಾಲು ಕಟ್ಟಡಗಳನ್ನು ಕೆಡವಿಹಾಕಿದ್ದವು. ಅಂದು ಜನ ಗೋಡೆ ಹತ್ತಿ ಒಳಗೆ ನುಗ್ಗಿದರು. ಗಾಳಿಯಲ್ಲಿ ಗುಂಡು ಹಾರಿಸಿದರು. ನೂಕುನುಗ್ಗಲಿನಲ್ಲಿ ಪೆಟ್ಟಿಗೆಯನ್ನು ಕೆಳಗಿಳಿಸುವುದೇ ಕಷ್ಟವಾಯಿತು.

ಗೋರಿಯ ಮಣ್ಣು ಆರುವ ಮುಂಚೆಯೇ ಜಗತ್ತಿನ ಪತ್ರಿಕೆಗಳಲ್ಲಿ ಒಂದು ಮಾತು ಶುರುವಾಯಿತು. ಇನ್ನು ಶಾಂತಿಗೆ ದಾರಿ ಸಿಗಬಹುದು!

ಒಬ್ಬರು ಸತ್ತರೆ ಇನ್ನೊಬ್ಬರಿಗೆ ಆಸೆ ಹುಟ್ಟುವುದು ಕೇಳಲು ಚೆನ್ನಾಗಿರುವುದಿಲ್ಲ. ಆದರೆ ಅದಕ್ಕೆ ಕಾರಣವಿತ್ತು. 2000ದಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ ಶಾಂತಿ ಮಾತುಕತೆ ಮುರಿದುಬಿದ್ದ ಮೇಲೆ, ಮಾತಾಡೋಣ ಅಂದರೆ ಆ ಕಡೆ ಯಾರೂ ಇಲ್ಲ ಎನ್ನುವುದು ಇಸ್ರೇಲಿನಲ್ಲಿ ದಿನಬಳಕೆಯ ಮಾತಾಗಿತ್ತು. 2002ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಕೂಡ ಅದನ್ನೇ ಬೇರೆ ರೀತಿ ಹೇಳಿದರು. ಪ್ಯಾಲೆಸ್ಟೀನಿಯರು ಮೊದಲು ಹೊಸ ನಾಯಕರನ್ನು ಆರಿಸಿಕೊಳ್ಳಲಿ, ಆಮೇಲೆ ಅವರಿಗೊಂದು ದೇಶ. ಈಗ ಹಳೆಯ ನಾಯಕ ಹೋದರು. ಅವರ ಜಾಗಕ್ಕೆ ಬರುತ್ತಿದ್ದವರು ಸೇನಾ ಸಮವಸ್ತ್ರವಲ್ಲ, ಸೂಟು ತೊಡುತ್ತಿದ್ದ ಮಹಮೂದ್ ಅಬ್ಬಾಸ್.

ಹಳೆಯ ಕಥೆ ಈಗ ಯಾಕೆ ಅಂದರೆ, 2025ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧಕ್ಕೆ ಕದನ ವಿರಾಮ ಬಂದಾಗಿನಿಂದ ಮತ್ತೆ ಅದೇ ಪ್ರಶ್ನೆ ಕೇಳಿಬರುತ್ತಿದೆ. ಅಲ್ಲಿ ಯಾರು ಬಂದರೆ ಸರಿಹೋಗುತ್ತೆ? ಟಿವಿಯಲ್ಲಿ ಕೇಳುತ್ತಾರೆ, ವಾಟ್ಸಾಪ್ ಗುಂಪುಗಳಲ್ಲಿ ಕೇಳುತ್ತಾರೆ. ನಮ್ಮ ಮಂಗಳೂರು, ಉಡುಪಿ ಕಡೆಯ ಸಾವಿರಾರು ಜನ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅಲ್ಲಿ ಸೈರನ್ ಕೂಗಿದರೆ ಇಲ್ಲಿ ಕರಾವಳಿಯ ಮನೆಗಳಲ್ಲಿ ಫೋನಿಗಾಗಿ ಕಾಯುತ್ತಾ ಕೂರುತ್ತಾರೆ. ಹಾಗಾಗಿ ಇದು ಸುಮ್ನೆ ಕಾಲ ಕಳೆಯಲು ಕೇಳುವ ಪ್ರಶ್ನೆಯೂ ಅಲ್ಲ.

ನನಗೆ ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ 2005 ನೆನಪಾಗುತ್ತದೆ. ಆ ವರ್ಷ ನಾಯಕ ಬದಲಾದರು. ಒಳ್ಳೆಯ ಚುನಾವಣೆ ನಡೆಯಿತು. ಎರಡೂ ಕಡೆಯವರು ಕೈಕುಲುಕಿದರು. ಇಸ್ರೇಲ್ ತಾನಾಗೇ ಗಾಜಾವನ್ನು ಬಿಟ್ಟೂ ಹೋಯಿತು. ಆದರೂ ಶಾಂತಿ ಬರಲಿಲ್ಲ. ಯಾಕೆ? ನನ್ನ ಉತ್ತರ ಚಿಕ್ಕದು. ಎಲ್ಲರೂ ಹೊಸ ನಾಯಕನ ಮುಖ ನೋಡಿದರು, ಕೈ ನೋಡಲಿಲ್ಲ. ತನ್ನ ಜನಕ್ಕೆ ತೋರಿಸಲು ಆ ಕೈಯಲ್ಲಿ ಏನೂ ಇರಲಿಲ್ಲ.

ಒಂದಲ್ಲ, ಮೂರು ಕುರ್ಚಿ

ಅರಾಫತ್ ಬಿಟ್ಟುಹೋದ ಕುರ್ಚಿ ಯಾವುದು ಅಂತ ಮೊದಲು ನೋಡೋಣ. ಹೊರಗಿನವರು ‘ಪ್ಯಾಲೆಸ್ಟೀನ್ ಅಧ್ಯಕ್ಷ’ ಅಂದುಬಿಡುತ್ತಾರೆ. ನಿಜವಾಗಿ ಅಲ್ಲಿ ಮೂರು ಕುರ್ಚಿಗಳಿವೆ.

ದೊಡ್ಡ ಕುರ್ಚಿ ಪಿಎಲ್ಒದ್ದು, ಅಂದರೆ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯದ್ದು. ಲೆಬನಾನ್, ಜೋರ್ಡಾನ್ ಶಿಬಿರಗಳಲ್ಲಿರುವ ನಿರಾಶ್ರಿತರೂ ಸೇರಿ ಎಲ್ಲ ಪ್ಯಾಲೆಸ್ಟೀನಿಯರ ಪರವಾಗಿ ಮಾತಾಡುವುದು ಈ ಸಂಸ್ಥೆ. ಇಸ್ರೇಲ್ ಜೊತೆ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಇದಕ್ಕೇ. ಇನ್ನೊಂದು ಪ್ಯಾಲೆಸ್ಟೀನ್ ಪ್ರಾಧಿಕಾರ. ಇಸ್ರೇಲ್ ಮತ್ತು ಪಿಎಲ್ಒ 1993ರಲ್ಲಿ ಮಾಡಿಕೊಂಡ ಓಸ್ಲೊ ಒಪ್ಪಂದದಿಂದ 1994ರಲ್ಲಿ ಹುಟ್ಟಿದ್ದು. ಗಾಜಾ ಮತ್ತು ಪಶ್ಚಿಮ ದಂಡೆಯ (ಜೋರ್ಡಾನ್ ನದಿಯ ಪಶ್ಚಿಮದ ನೆಲ) ಕೆಲವು ಭಾಗಗಳಲ್ಲಿ ಶಾಲೆ, ಆಸ್ಪತ್ರೆ, ಪೊಲೀಸ್ ನೋಡಿಕೊಳ್ಳುವುದು ಇದರ ಕೆಲಸ. ಸರ್ಕಾರದಂತೆ ಕಾಣುತ್ತದೆ, ಆದರೆ ಪೂರಾ ಸರ್ಕಾರವಲ್ಲ. ಮೂರನೆಯದು ಫತಹ್, ಅಂದರೆ ಪಕ್ಷ.

ಮೂರರಲ್ಲೂ ಅರಾಫತ್ ತಾವೇ ಕೂತಿದ್ದರು. ಅವರು ಹೋದ ಮೇಲೆ ಕುರ್ಚಿಗಳು ಹಂಚಿಹೋದವು. ಪಿಎಲ್ಒ ಅಬ್ಬಾಸ್‌ಗೆ ಬಂತು. ಪ್ರಾಧಿಕಾರಕ್ಕೆ ಅರವತ್ತು ದಿನಗಳಲ್ಲಿ ಚುನಾವಣೆ ನಡೆಸಬೇಕು ಅಂತಾಯಿತು. ಫತಹ್ ಮುಖ್ಯಸ್ಥರಾಗಿದ್ದು ಫಾರೂಕ್ ಕದ್ದೂಮಿ. ಇವರು ಓಸ್ಲೊ ಒಪ್ಪಂದವನ್ನೇ ಒಪ್ಪದೆ ಟ್ಯೂನಿಸ್‌ನಲ್ಲೇ ಉಳಿದುಬಿಟ್ಟವರು. ಅಂದರೆ ಶಾಂತಿ ಮಾತಾಡಲು ಹೊರಟವರ ಪಕ್ಷದ ಯಜಮಾನನಿಗೇ ಆ ಮಾತುಕತೆಯ ಬುನಾದಿ ಒಪ್ಪಿಗೆಯಿರಲಿಲ್ಲ.

ಬಂದೂಕಿನ ಕಥೆ ಇನ್ನೂ ಸಿಕ್ಕುಸಿಕ್ಕು. ಅರಾಫತ್ ಕಾಲದಲ್ಲಿ ಹತ್ತಕ್ಕೂ ಹೆಚ್ಚು ಭದ್ರತಾ ಪಡೆಗಳಿದ್ದವು. ಒಂದರ ಮೇಲೆ ಇನ್ನೊಂದು ಕಣ್ಣಿಟ್ಟಿರಲಿ ಅಂತಲೇ ಹಾಗೆ ಮಾಡಿದ್ದು ಅನ್ನುತ್ತಾರೆ. ಸಿಪಾಯಿಗಳ ಸಂಬಳ ನಗದಾಗಿ ಕಮಾಂಡರುಗಳ ಕೈಗೆ ಹೋಗಿ, ಅಲ್ಲಿಂದ ಕೆಳಗೆ ಹಂಚಿಕೆಯಾಗುತ್ತಿತ್ತು. ಸಂಬಳ ಕೊಟ್ಟವನೇ ಧಣಿ, ಅಲ್ವಾ? ಹಿಂದೆ ಐಎಂಎಫ್‌ನಲ್ಲಿದ್ದ ಸಲಾಂ ಫಯ್ಯಾದ್ ಎಂಬ ಅರ್ಥಶಾಸ್ತ್ರಜ್ಞ ಹಣಕಾಸು ಸಚಿವರಾದ ಮೇಲೆ ಸಂಬಳವನ್ನು ನೇರ ಬ್ಯಾಂಕ್ ಖಾತೆಗೆ ಹಾಕುವ ಪದ್ಧತಿ ತಂದರು. ಪೇಪರಿನ ಒಳಪುಟದಲ್ಲಿ ಬರುವಂಥ ಸುದ್ದಿ. ಆದರೆ ಆ ಕಾಲದ ಎಷ್ಟೋ ಶೃಂಗಸಭೆಗಳಿಗಿಂತ ಇದೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಸಫೆದ್‌ನ ಹುಡುಗ, ಗುಡ್ಡಗಳ ಜನರಲ್

ಅಬ್ಬಾಸ್ ಹುಟ್ಟಿದ್ದು 1935ರಲ್ಲಿ, ಈಗಿನ ಇಸ್ರೇಲಿನ ಉತ್ತರಕ್ಕಿರುವ ಸಫೆದ್ ಊರಿನಲ್ಲಿ. 1948ರ ಯುದ್ಧದಲ್ಲಿ ಕುಟುಂಬ ಮನೆ ಬಿಟ್ಟು ಸಿರಿಯಾಕ್ಕೆ ಓಡಿತು. ಮಗನ ಹೆಸರಿನಿಂದ ಅಪ್ಪನನ್ನು ಕರೆಯುವುದು ಅರಬ್ಬರ ರೂಢಿ, ಹಾಗಾಗಿ ಅಲ್ಲಿಯವರಿಗೆ ಅವರು ಅಬು ಮಾಜೆನ್, ಮಾಜೆನ್‌ನ ಅಪ್ಪ. 1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲಿನ ಆಗಿನ ಪ್ರಧಾನಿ ರಾಬಿನ್ ಮತ್ತು ಅರಾಫತ್ ಕೈಕುಲುಕಿದ ಚಿತ್ರ ಎಲ್ಲರಿಗೂ ನೆನಪಿದೆ. ಆದರೆ ಅಂದು ಓಸ್ಲೊ ಒಪ್ಪಂದದ ಕಾಗದಕ್ಕೆ ಸಹಿ ಹಾಕಿದವರು ಬೇರೆ. ಇಸ್ರೇಲ್ ಪರವಾಗಿ ಶಿಮೋನ್ ಪೆರೆಸ್, ಪಿಎಲ್ಒ ಪರವಾಗಿ ಇದೇ ಅಬ್ಬಾಸ್.

2003ರಲ್ಲಿ ಅವರು ಕೆಲವು ತಿಂಗಳು ಪ್ರಾಧಿಕಾರದ ಪ್ರಧಾನಿಯೂ ಆಗಿದ್ದರು. ಸಶಸ್ತ್ರ ಗುಂಪುಗಳನ್ನು ಒಪ್ಪಿಸಿ ಜೂನ್‌ನಲ್ಲಿ ಕದನ ವಿರಾಮ ತಂದರು. ಅದು ಏಳು ವಾರವಷ್ಟೇ ಬದುಕಿತು. ಆಗಸ್ಟ್ 19ರಂದು ಜೆರುಸಲೇಮಿನ ಬಸ್ಸಿನಲ್ಲಿ ಆತ್ಮಹತ್ಯಾ ಬಾಂಬ್ ಸಿಡಿದು, ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎರಡು ದಿನದಲ್ಲಿ ಇಸ್ರೇಲ್, ಆ ಸಶಸ್ತ್ರ ಗುಂಪುಗಳಲ್ಲೊಂದಾದ ಹಮಾಸ್‌ನ ಗಾಜಾ ನಾಯಕ ಇಸ್ಮಾಯಿಲ್ ಅಬು ಶನಾಬ್ ಅವರನ್ನು ಕೊಂದಿತು. ಪೊಲೀಸ್ ಪಡೆಗಳನ್ನು ಅರಾಫತ್ ಬಿಟ್ಟುಕೊಡಲಿಲ್ಲ, ಚೆಕ್‌ಪೋಸ್ಟುಗಳನ್ನು ಇಸ್ರೇಲ್ ತೆಗೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಬ್ಬಾಸ್ ರಾಜೀನಾಮೆ ಕೊಟ್ಟರು. ಈ ಘಟನೆ ನೆನಪಿಟ್ಟುಕೊಳ್ಳಿ. 2005 ಅನ್ನುವುದು ಒಂದು ರೀತಿಯಲ್ಲಿ ಇದರ ಎರಡನೇ ಪ್ರಯೋಗ.

ಅವರಲ್ಲಿ ಜನ ಮೆಚ್ಚುವ ಭಾಷಣ ಕಲೆ ಇರಲಿಲ್ಲ. ಆದರೆ ಒಂದು ಧೈರ್ಯವಿತ್ತು. ಎರಡನೇ ಇಂತಿಫಾದಾ, ಅಂದರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ, 2000ದ ಸೆಪ್ಟೆಂಬರ್‌ನಲ್ಲಿ ಶುರುವಾಗಿ, ಅಷ್ಟು ಹೊತ್ತಿಗೆ ಸುಮಾರು ಸಾವಿರ ಇಸ್ರೇಲಿಗಳು, ಮೂರು ಸಾವಿರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತಿದ್ದರು. ಅಂಥ ಹೊತ್ತಿನಲ್ಲಿ, ಚುನಾವಣೆಗೆ ಇನ್ನೂ ಒಂದು ತಿಂಗಳಿರುವಾಗ, ಈ ದಂಗೆಯಲ್ಲಿ ಬಂದೂಕು ಹಿಡಿದದ್ದು ತಪ್ಪಾಯಿತು ಅಂತ ಅವರು ಪತ್ರಿಕೆಗೆ ಹೇಳಿದರು. ಮತ ಕೇಳಲು ಹೊರಟವರು ಸಾಮಾನ್ಯವಾಗಿ ಹೇಳುವ ಮಾತಲ್ಲ ಇದು. ಆದರೂ 2005ರ ಜನವರಿ 9ರಂದು ಅವರು 62 ಶೇಕಡಾ ಮತ ಪಡೆದು ಗೆದ್ದರು. ಎರಡನೇ ಸ್ಥಾನಕ್ಕೆ ಬಂದ ವೈದ್ಯ ಮುಸ್ತಫಾ ಬರ್ಘೂತಿಗೆ ಸಿಕ್ಕಿದ್ದು ಶೇಕಡಾ 20ರ ಆಸುಪಾಸು. ಹಮಾಸ್ ಈ ಚುನಾವಣೆಯಿಂದ ದೂರ ಉಳಿಯಿತು.

ಅದೇ ಜನವರಿಯ ಕೊನೆಗೆ ಗಾಜಾದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯಿತು. ಅದರಲ್ಲಿ ಹಮಾಸ್ ಸ್ಪರ್ಧಿಸಿತು, 10 ಊರುಗಳಲ್ಲಿ 7 ಗೆದ್ದಿತು. ಎಲ್ಲರ ಕಣ್ಣೂ ಅಬ್ಬಾಸ್ ಮೇಲಿದ್ದ ಹೊತ್ತದು. ಈ ಸುದ್ದಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ.

ಆ ಕಡೆ ಇಸ್ರೇಲಿನ ಪ್ರಧಾನಿ ಏರಿಯಲ್ ಶರೋನ್. ಇವರು ಹೊಸಬರೇನಲ್ಲ. ಆಕ್ರಮಿತ ನೆಲದ ಗುಡ್ಡಗಳ ಮೇಲೆ ಯಹೂದಿ ವಸಾಹತುಗಳನ್ನು ಕಟ್ಟಿಸಿದವರಲ್ಲಿ ಮೊದಲಿಗರು. 1982ರಲ್ಲಿ ಬೈರೂತಿನ ಸಬ್ರಾ, ಶತೀಲಾ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡಕ್ಕೆ ಇವರೂ ಹೊಣೆ ಅಂತ ಇಸ್ರೇಲಿನದೇ ತನಿಖಾ ಆಯೋಗ ಹೇಳಿತ್ತು. ಪ್ಯಾಲೆಸ್ಟೀನಿಯರ ಮನೆಗಳಲ್ಲಿ ಅವರ ಹೆಸರನ್ನು ಹೇಗೆ ಹೇಳುತ್ತಿದ್ದರು ಅಂತ ಊಹಿಸಬಹುದು.

ಅಂಥವರು 2003ರ ಡಿಸೆಂಬರ್‌ನಲ್ಲಿ ಗಾಜಾದಿಂದ ಹೊರಬರುವ ಯೋಜನೆ ಮುಂದಿಟ್ಟರು. ಅಲ್ಲಿನ 21 ವಸಾಹತುಗಳನ್ನೂ ಖಾಲಿ ಮಾಡಿಸುವುದು, ಸೈನ್ಯವನ್ನೂ ವಾಪಸ್ ಕರೆಸುವುದು. ಅವರದೇ ಲಿಕುಡ್ ಪಕ್ಷದ ಸದಸ್ಯರು 2004ರ ಮೇ ತಿಂಗಳ ಮತದಾನದಲ್ಲಿ ಅದನ್ನು ತಿರಸ್ಕರಿಸಿದರು. ಶರೋನ್ ಕೇಳಲಿಲ್ಲ. ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ 67–45 ಮತಗಳಿಂದ ಗೆದ್ದರು. 2005ರ ಜನವರಿಯಲ್ಲಿ ಪೆರೆಸ್ ಅವರ ಲೇಬರ್ ಪಕ್ಷವನ್ನು ಸೇರಿಸಿಕೊಂಡು 58–56ರ ಅಂತರದಲ್ಲಿ ಹೊಸ ಸರ್ಕಾರ ಕಟ್ಟಿದರು. ಕೂದಲೆಳೆಯ ಅಂತರ.

ಆಗಿನ ಆಸೆಯ ಅರ್ಧ ಕಾರಣ ಇದೇ. ಮೆತ್ತಗಿನವರು ಬಿಟ್ಟುಕೊಟ್ಟರೆ ಹೇಡಿ ಅನ್ನುತ್ತಾರೆ. ಪಟ್ಟು ಬಿಡದವನೇ ಬಿಟ್ಟುಕೊಟ್ಟರೆ ಜನ ನಂಬುತ್ತಾರೆ. ಇದಕ್ಕೊಂದು ಉದಾಹರಣೆಯೂ ಇತ್ತು. ಈಜಿಪ್ಟ್ ಜೊತೆಗಿನ ಶಾಂತಿ ಒಪ್ಪಂದದಂತೆ 1982ರಲ್ಲಿ ಸಿನಾಯ್‌ನ ಯಾಮಿತ್ ವಸಾಹತನ್ನು ಕೆಡವಿಸಿದಾಗ ರಕ್ಷಣಾ ಸಚಿವರಾಗಿದ್ದವರು ಶರೋನ್ ಅವರೇ.

ಮೇಜಿನ ಆಚೆ ಈಚೆ

ಶುರುವಿನಲ್ಲೇ ಅಪಶಕುನವಾಯಿತು. ಅಬ್ಬಾಸ್ ಪ್ರಮಾಣವಚನ ತೆಗೆದುಕೊಳ್ಳುವ ಎರಡು ದಿನ ಮುಂಚೆ, ಜನವರಿ 13ರಂದು, ಗಾಜಾದ ಕರ್ನಿ ಗಡಿ ದಾಟುವ ಜಾಗದಲ್ಲಿ ದಾಳಿ ನಡೆದು ಆರು ಇಸ್ರೇಲಿಗಳು ಸತ್ತರು. ಶರೋನ್ ಸಂಪರ್ಕ ಕಡಿದರು. ಅಬ್ಬಾಸ್ ಗಾಜಾಕ್ಕೆ ಹೋಗಿ ಹಮಾಸ್ ಮತ್ತು ಇನ್ನೊಂದು ಸಶಸ್ತ್ರ ಗುಂಪಾದ ಇಸ್ಲಾಮಿಕ್ ಜಿಹಾದ್ ಜೊತೆ ಕೂತು ಮಾತಾಡಿದರು. ರಾಕೆಟ್ ಹಾರುತ್ತಿದ್ದ ಉತ್ತರ ಗಾಜಾದಲ್ಲಿ ತಮ್ಮ ಪೊಲೀಸರನ್ನು ನಿಲ್ಲಿಸಿದರು. ಮತ್ತೆ ಮಾತು ಶುರುವಾಯಿತು.

ಫೆಬ್ರುವರಿ 8ರಂದು ಈಜಿಪ್ಟಿನ ಕಡಲ ತೀರದ ಶರ್ಮ್ ಅಲ್ ಶೇಖ್‌ನಲ್ಲಿ ನಾಲ್ವರು ಒಂದು ದುಂಡು ಮೇಜಿನ ಸುತ್ತ ಕೂತರು. ಶರೋನ್, ಅಬ್ಬಾಸ್, ಈಜಿಪ್ಟಿನ ಹೊಸ್ನಿ ಮುಬಾರಕ್, ಜೋರ್ಡಾನಿನ ದೊರೆ ಅಬ್ದುಲ್ಲಾ. ಶರೋನ್ ಮತ್ತು ಅಬ್ಬಾಸ್ ಮೇಜಿನ ಮೇಲಿಂದ ಬಾಗಿ ಕೈಕುಲುಕಿದರು. ಹಿಂಸೆ ನಿಲ್ಲಿಸುತ್ತೇವೆ ಅಂತ ಇಬ್ಬರೂ ಹೇಳಿದರು. ಆದರೆ ಜಂಟಿಯಾಗಿ ಸಹಿ ಹಾಕಿದ ಕಾಗದ ಒಂದೂ ಇರಲಿಲ್ಲ. ಅವರವರ ಹೇಳಿಕೆ ಅವರವರು ಓದಿದರು, ಅಷ್ಟೇ.

ಅಲ್ಲಿ ಮಾತು ಕೊಟ್ಟಿದ್ದೇನು? ಇಸ್ರೇಲ್ 900 ಕೈದಿಗಳನ್ನು ಬಿಡುತ್ತದೆ, ಪಶ್ಚಿಮ ದಂಡೆಯ ಐದು ಊರುಗಳಿಂದ ಸೈನ್ಯವನ್ನು ಹಿಂದೆಗೆಯುತ್ತದೆ. ಅಬ್ಬಾಸ್ ಸಶಸ್ತ್ರ ಗುಂಪುಗಳನ್ನು ಸುಮ್ಮನಿರಿಸುತ್ತಾರೆ. ಈಜಿಪ್ಟ್, ಜೋರ್ಡಾನ್ ತಮ್ಮ ರಾಯಭಾರಿಗಳನ್ನು ಇಸ್ರೇಲಿಗೆ ಮತ್ತೆ ಕಳಿಸುತ್ತವೆ. ಜೆರುಸಲೇಮ್, ಗಡಿ, ನಿರಾಶ್ರಿತರು, ವಸಾಹತುಗಳು ಅನ್ನುವ ದೊಡ್ಡ ಪ್ರಶ್ನೆಗಳಿಗೆ ಅಂದು ಯಾರೂ ಕೈಹಾಕಲಿಲ್ಲ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನಾಲ್ಕು ವರ್ಷ ರಕ್ತ ಹರಿದ ಮೇಲೆ ಮೊದಲು ಉಸಿರು ತೆಗೆದುಕೊಳ್ಳಬೇಕು.

ಮಾರ್ಚ್‌ನಲ್ಲಿ ಕೈರೋದಲ್ಲಿ 13 ಪ್ಯಾಲೆಸ್ಟೀನಿ ಗುಂಪುಗಳು ಸೇರಿ ವರ್ಷದ ಕೊನೆಯವರೆಗೆ ಶಾಂತವಾಗಿರಲು ಒಪ್ಪಿದವು. ಇಲ್ಲೊಂದು ಪದದ ಆಟ ಇದೆ. 2003ರದ್ದನ್ನು ಅವರು ‘ಹುದ್ನಾ’ ಅಂದಿದ್ದರು, ಅಂದರೆ ಕದನ ವಿರಾಮ. ಈ ಸಲದ್ದು ‘ತಹ್ದಿಯಾ’, ಅಂದರೆ ಸುಮ್ಮನಾಗುವುದು, ತಣ್ಣಗಾಗುವುದು. ಹುದ್ನಾಗಿಂತ ಒಂದು ಮೆಟ್ಟಿಲು ಕಡಿಮೆ. ಬಂದೂಕು ಕೆಳಗಿಟ್ಟಿಲ್ಲ, ಹೆಗಲಿಗೆ ಹಾಕಿಕೊಂಡಿದ್ದೇವೆ ಅಂದ ಹಾಗೆ. ಅದೂ ಪೂರಾ ನಡೆಯಲಿಲ್ಲ ಅನ್ನಿ. ಫೆಬ್ರುವರಿ 25ರಂದೇ ಟೆಲ್ ಅವೀವ್‌ನಲ್ಲಿ, ಜುಲೈನಲ್ಲಿ ನೆತಾನ್ಯಾದಲ್ಲಿ ಇಸ್ಲಾಮಿಕ್ ಜಿಹಾದ್‌ನವರ ಬಾಂಬ್ ಸಿಡಿಯಿತು. ಆದರೂ ಹಿಂದಿನ ವರ್ಷಗಳಿಗೆ ಹೋಲಿಸಿದರೆ 2005ರಲ್ಲಿ ಎರಡೂ ಕಡೆ ಸಾವು ತುಂಬಾ ಕಡಿಮೆಯಾಯಿತು.

ಈಗ ಆ ‘ಕೈ’ ವಿಚಾರಕ್ಕೆ ಬರೋಣ.

ಇಸ್ರೇಲಿನ ಜೈಲುಗಳಲ್ಲಿ ಆಗ ಏಳೆಂಟು ಸಾವಿರ ಪ್ಯಾಲೆಸ್ಟೀನಿಯರಿದ್ದರು. ಅಲ್ಲಿ ಜೈಲು ನೋಡದ ಕುಟುಂಬ ಸಿಗುವುದು ಕಷ್ಟ. ಒಬ್ಬ ನಾಯಕ ‘ನಿಮ್ಮ ಮಗನನ್ನು ಬಿಡಿಸಿ ತಂದೆ’ ಅಂದರೆ ಅದಕ್ಕಿಂತ ದೊಡ್ಡ ಭಾಷಣ ಬೇಕಿಲ್ಲ. ಇಸ್ರೇಲ್ ಫೆಬ್ರುವರಿಯಲ್ಲಿ 500 ಜನರನ್ನು ಬಿಟ್ಟಿತು, ಜೂನ್‌ನಲ್ಲಿ ಇನ್ನೂ ಸುಮಾರು 400. ಆದರೆ ಬಿಟ್ಟವರಲ್ಲಿ ಹೆಚ್ಚಿನವರು ಶಿಕ್ಷೆ ಮುಗಿಯುತ್ತಾ ಬಂದವರು. ಕೊಲೆ ಆರೋಪ ಇರುವವರನ್ನು ಬಿಡುವುದಿಲ್ಲ ಎಂಬುದು ಇಸ್ರೇಲಿನ ಗೆರೆ. ಬಾಂಬಿನಲ್ಲಿ ಮಗಳನ್ನು ಕಳೆದುಕೊಂಡ ಇಸ್ರೇಲಿ ತಾಯಿಯ ಕಡೆಯಿಂದ ನೋಡಿದರೆ ಆ ಗೆರೆ ಅರ್ಥವಾಗುತ್ತದೆ. ಆದರೆ ಇಪ್ಪತ್ತು ವರ್ಷದಿಂದ ಒಳಗಿದ್ದವರ ಮನೆಗಳಿಗೆ ಅಬ್ಬಾಸ್ ಏನೂ ತರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಐದು ಊರುಗಳ ಕಥೆ ಇನ್ನೂ ವಿಚಿತ್ರ. ಜೆರಿಕೊ, ತೂಲ್ಕರಂ, ಕಲ್ಕಿಲ್ಯಾ, ಬೆತ್ಲೆಹೆಂ, ರಾಮಲ್ಲಾ. ಮಾರ್ಚ್‌ನಲ್ಲಿ ಜೆರಿಕೊ, ತೂಲ್ಕರಂ ಹಸ್ತಾಂತರವಾದವು. ಉಳಿದ ಮೂರು ಅಲ್ಲೇ ನಿಂತವು. ಒಪ್ಪಿಸಿದ ಊರುಗಳಲ್ಲೂ ಆಗಿದ್ದೇನು? ಪಶ್ಚಿಮ ದಂಡೆಯನ್ನು ಓಸ್ಲೊ ಒಪ್ಪಂದ ಮೂರು ಬಗೆಯ ವಲಯಗಳಾಗಿ ಹಂಚಿದೆ. ದೊಡ್ಡ ಊರುಗಳು ‘ಎ’ ವಲಯ, ಅಲ್ಲಿ ಪ್ರಾಧಿಕಾರದ ಪೊಲೀಸರು. ‘ಬಿ’ಯಲ್ಲಿ ಆಡಳಿತ ಪ್ರಾಧಿಕಾರದ್ದು, ಭದ್ರತೆ ಇಸ್ರೇಲಿನದು. ಊರು ಊರುಗಳ ನಡುವಿನ ಹೊಲ, ಗುಡ್ಡ, ಮುಖ್ಯ ರಸ್ತೆಗಳೆಲ್ಲ ಹೆಚ್ಚಾಗಿ ‘ಸಿ’. ಅದು ಪೂರ್ತಿ ಇಸ್ರೇಲ್ ಕೈಯಲ್ಲಿ, ಒಟ್ಟು ನೆಲದ ಸುಮಾರು 60 ಶೇಕಡಾ. ಹಾಗಾಗಿ ಊರು ಕೊಟ್ಟರು, ಊರಿಗೆ ಹೋಗುವ ದಾರಿ ಕೊಡಲಿಲ್ಲ. ತರಕಾರಿ ಲಾರಿಯವನಿಗೆ, ಹೆರಿಗೆಗೆ ಹೊರಟ ಹೆಂಗಸಿಗೆ, ಕಾಲೇಜಿಗೆ ಹೋಗುವ ಹುಡುಗನಿಗೆ ಚೆಕ್‌ಪೋಸ್ಟು ಹಾಗೇ ಇತ್ತು. ಶಾಂತಿ ಅನ್ನುವುದನ್ನು ಅವರು ಅಳೆಯುತ್ತಿದ್ದುದು ಅಲ್ಲಿ ಕಾಯುವ ಗಂಟೆಗಳಲ್ಲಿ.

ಅದರ ಜೊತೆಗೆ ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಕಟ್ಟುತ್ತಿದ್ದ ಗೋಡೆ ಏಳುತ್ತಲೇ ಇತ್ತು. 2004ರ ಜುಲೈನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಅದು ಕಾನೂನಿಗೆ ವಿರುದ್ಧ ಅಂತ ಅಭಿಪ್ರಾಯ ಕೊಟ್ಟಿತ್ತು. ಆದರೆ ಗೋಡೆ ಬಂದ ಮೇಲೆ ಬಾಂಬು ಕಡಿಮೆಯಾಯಿತು ಅಂತ ಇಸ್ರೇಲಿಗಳು ನೆಮ್ಮದಿಯಾಗಿದ್ದರು. ಒಂದೇ ಗೋಡೆ. ಒಬ್ಬರಿಗೆ ಹೊಲ ಹೋಯಿತು, ಇನ್ನೊಬ್ಬರಿಗೆ ನಿದ್ದೆ ಬಂತು.

ಹುಚ್ಚು, ಮದುವೆ ಮತ್ತು ಫಾರ್ಮಲಿನ್

ಇಷ್ಟಕ್ಕೂ ಮುಂದಿನ ಹೆಜ್ಜೆ ಯಾಕೆ ಬೀಳಲಿಲ್ಲ? 2003ರಲ್ಲಿ ಅಮೆರಿಕ, ಯುರೋಪಿಯನ್ ಒಕ್ಕೂಟ, ರಷ್ಯಾ, ವಿಶ್ವಸಂಸ್ಥೆ ಸೇರಿ ಒಂದು ‘ರೋಡ್ ಮ್ಯಾಪ್’ ಬರೆದಿದ್ದವು. ಮೂರು ಹಂತ. ಮೊದಲ ಹಂತದಲ್ಲಿ ಪ್ಯಾಲೆಸ್ಟೀನಿಯರು ಸಶಸ್ತ್ರ ಗುಂಪುಗಳನ್ನು ಕಿತ್ತುಹಾಕಬೇಕು, ಇಸ್ರೇಲ್ ವಸಾಹತುಗಳ ಬೆಳವಣಿಗೆ ನಿಲ್ಲಿಸಬೇಕು. ಕೊನೆಗೆ 2005ರ ಹೊತ್ತಿಗೆ ಎರಡು ದೇಶ.

ಶರೋನ್ ವಾದ ಸರಳ. ಮೊದಲು ಹಮಾಸ್‌ನ ಬಂದೂಕು ಕಿತ್ತುಕೊಳ್ಳಿ, ಆಮೇಲೆ ಉಳಿದದ್ದು. ಅಬ್ಬಾಸ್ ವಾದವೂ ಸರಳವೇ. ಬರಿಗೈಯಲ್ಲಿ ಹೋಗಿ ಬಂದೂಕು ಕೇಳಿದರೆ ಅಣ್ಣತಮ್ಮಂದಿರ ನಡುವೆ ಯುದ್ಧವಾಗುತ್ತದೆ. ಮೊದಲು ಏನಾದರೂ ಕೊಡಿ, ಜನ ನನ್ನ ಕಡೆ ಬರಲಿ, ಹಮಾಸನ್ನು ಚುನಾವಣೆಯೊಳಗೆ ಎಳೆದು ತಂದು ಮೆಲ್ಲಗೆ ಪಳಗಿಸುತ್ತೇನೆ. ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡೋಲ್ಲ ಅನ್ನುವ ಗಾದೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಜಾಗ ನಾನು ನೋಡಿಲ್ಲ.

ಇನ್ನೊಂದು ಅನುಮಾನವೂ ಇತ್ತು. ಗಾಜಾ ಬಿಡುವುದು ಪಶ್ಚಿಮ ದಂಡೆ ಉಳಿಸಿಕೊಳ್ಳಲಿಕ್ಕಾ? ಇದನ್ನು ಶರೋನ್ ಅವರ ಆಪ್ತ ಸಲಹೆಗಾರ ದೊವ್ ವೈಸ್‌ಗ್ಲಾಸ್ 2004ರ ಅಕ್ಟೋಬರ್‌ನಲ್ಲಿ ಹಾರೆಟ್ಜ್ ಪತ್ರಿಕೆಗೆ ಬಾಯಿಬಿಟ್ಟು ಹೇಳಿಯೇಬಿಟ್ಟರು. ಈ ಯೋಜನೆ ಒಂದು ಥರ ಫಾರ್ಮಾಲ್ಡಿಹೈಡ್, ರಾಜಕೀಯ ಮಾತುಕತೆ ನಡೆಯದಂತೆ ನೋಡಿಕೊಳ್ಳಲು ಬೇಕಾದಷ್ಟು ಇದರಲ್ಲಿದೆ ಎಂಬ ಅರ್ಥದ ಮಾತು. ನಮ್ಮ ಕಾಲೇಜು ಲ್ಯಾಬಿನ ಸೀಸೆಗಳಲ್ಲಿ ಕಪ್ಪೆ, ಹಾವು ತೇಲುತ್ತಿದ್ದವಲ್ಲ, ಅದೇ ಫಾರ್ಮಲಿನ್. ಕೊಳೆಯುವುದೂ ಇಲ್ಲ, ಮತ್ತೆ ಜೀವ ಬರುವುದೂ ಇಲ್ಲ. ಶರೋನ್ ಮನಸ್ಸಿನಲ್ಲಿ ಇದ್ದದ್ದು ಅಷ್ಟೇನಾ, ಇನ್ನೂ ಮುಂದೆ ಹೋಗುತ್ತಿದ್ದರಾ ಅಂತ ಇಂದಿಗೂ ವಾದ ನಡೆಯುತ್ತದೆ. ಆದರೆ ರಾಮಲ್ಲಾದಲ್ಲಿ ಕೂತು ಆ ಸಂದರ್ಶನ ಓದಿದವರಿಗೆ ಹೇಗೆ ಕಂಡಿರಬೇಡ? 2005ರ ಮಾರ್ಚ್‌ನಲ್ಲಿ ಜೆರುಸಲೇಮಿನ ಪೂರ್ವಕ್ಕಿರುವ ಮಾಲೆ ಅದುಮೀಮ್ ಬಳಿ 3,500 ಮನೆಗಳ ಯೋಜನೆ ಹೊರಬಿದ್ದಾಗ ಅನುಮಾನ ಇನ್ನೂ ಗಟ್ಟಿಯಾಯಿತು.

ಜೂನ್ 21ರಂದು ಅಬ್ಬಾಸ್ ಜೆರುಸಲೇಮಿನಲ್ಲಿ ಶರೋನ್ ಮನೆಗೆ ಹೋದರು. ಕೈಕುಲುಕಿದ್ದ ಬಿಸಿ ಅಷ್ಟರಲ್ಲಿ ಆರಿಹೋಗಿತ್ತು. ಒಬ್ಬರ ದೂರು ಇನ್ನೊಬ್ಬರು ಕೇಳಿಸಿಕೊಂಡು ಎದ್ದರು.

ಯಾರಿಗೆ ಕೊಟ್ಟರು?

ಆಗಸ್ಟ್ ಮಧ್ಯದಲ್ಲಿ ಗಾಜಾ ತೆರವು ಶುರುವಾಯಿತು. ಅದಕ್ಕೆ ಒಂದು ವಾರ ಮುಂಚೆ ಹಣಕಾಸು ಸಚಿವ ಬೆಂಜಮಿನ್ ನೆತನ್ಯಾಹು ವಿರೋಧಿಸಿ ರಾಜೀನಾಮೆ ಕೊಟ್ಟಿದ್ದರು. ಸುಮಾರು 8,000 ವಸಾಹತುದಾರರು. ಕೆಲವರು ತಾವೇ ಹೊರಟರು. ಕೆಲವರನ್ನು ಇಸ್ರೇಲಿ ಸೈನಿಕರೇ ಎತ್ತಿ ಬಸ್ಸಿಗೆ ಹತ್ತಿಸಿದರು. ಹುಡುಗ ವಯಸ್ಸಿನ ಸೈನಿಕರು ಅಳುತ್ತಾ ತಮ್ಮವರನ್ನೇ ಮನೆಯಿಂದ ಹೊರಗೆ ಹಾಕಿದ ದೃಶ್ಯಗಳು ಟಿವಿಯಲ್ಲಿ ಬಂದವು. ರಕ್ತಪಾತವಾದೀತು ಅಂತ ಹೆದರಿದ್ದರು, ಹಾಗಾಗಲಿಲ್ಲ. ಒಂದೇ ವಾರದಲ್ಲಿ ಮುಗಿಯಿತು. ಪಶ್ಚಿಮ ದಂಡೆಯ ಉತ್ತರದ ನಾಲ್ಕು ಚಿಕ್ಕ ವಸಾಹತುಗಳೂ ಖಾಲಿಯಾದವು. ಸೆಪ್ಟೆಂಬರ್ 12ರ ಬೆಳಗಿನ ಹೊತ್ತಿಗೆ ಕೊನೆಯ ಸೈನಿಕ ಗಾಜಾದಿಂದ ಹೊರಬಂದ.

1967ರಿಂದ 38 ವರ್ಷ ಇಸ್ರೇಲ್ ಹಿಡಿದಿಟ್ಟುಕೊಂಡಿದ್ದ ನೆಲ. ಅಂಥದ್ದನ್ನು ಬಿಟ್ಟುಹೋಗುವಾಗ ‘ಅಬು ಮಾಜೆನ್, ನೀವು ಮಾತಾಡಿದ್ದಕ್ಕೆ ಇದು ಸಿಕ್ಕಿತು, ತಗೊಳ್ಳಿ’ ಅನ್ನಬಹುದಿತ್ತು. ಅನ್ನಲಿಲ್ಲ. ಒಪ್ಪಂದವಿಲ್ಲ, ಒಪ್ಪಿಸುವ ಸಮಾರಂಭವಿಲ್ಲ. ಶರೋನ್ ಮೊದಲಿನಿಂದಲೂ ಹೇಳಿದ್ದು ಇದು ಏಕಪಕ್ಷೀಯ ಅಂತ. ನಾವೇ ತೀರ್ಮಾನಿಸಿದೆವು, ನಾವೇ ಹೊರಟೆವು. ಮನೆ ಬಿಟ್ಟರು, ಕೀಲಿಕೈ ಯಾರ ಕೈಗೂ ಕೊಡಲಿಲ್ಲ.

ಹಾಗೆ ಬಿಟ್ಟ ಮನೆಗೆ ಯಜಮಾನ ಯಾರು? ಮೊದಲು ಕೂಗಿದವನು. ಗಾಜಾದ ಬೀದಿಗಳಲ್ಲಿ ಹಮಾಸ್ ಬ್ಯಾನರ್ ಕಟ್ಟಿತು. ಹತ್ತು ವರ್ಷದ ಮಾತುಕತೆಗಿಂತ ನಾಲ್ಕು ವರ್ಷದ ಹೋರಾಟ ಮೇಲು ಎಂಬುದು ಅದರ ಸಾರ. ಜನಕ್ಕೆ ಅದು ಸುಳ್ಳು ಅಂತ ಹೇಗೆ ಅನ್ನಿಸಬೇಕು? ಮಾತಾಡಿದವರ ಕೈಯಲ್ಲಿ ಏನಿತ್ತು? ಇಲ್ಲಿ ಪ್ಯಾಲೆಸ್ಟೀನಿಯರ ಕಡೆಯ ತಪ್ಪನ್ನೂ ಹೇಳಬೇಕು. ವಸಾಹತುಗಳ ಹಸಿರುಮನೆಗಳನ್ನು ವಿದೇಶಿ ದಾನಿಗಳು ಸುಮಾರು 1.4 ಕೋಟಿ ಡಾಲರ್ ಕೊಟ್ಟು ಕೊಂಡು ಪ್ಯಾಲೆಸ್ಟೀನಿಯರಿಗೆ ಒಪ್ಪಿಸಿದ್ದರು. ಅದರಲ್ಲಿ ಮಧ್ಯಸ್ಥಿಕೆ ವಹಿಸಿದ್ದ ಜೇಮ್ಸ್ ವೋಲ್ಫೆನ್‌ಸನ್ ಅವರ ಸ್ವಂತ ದುಡ್ಡೂ ಇತ್ತು. ಸೈನ್ಯ ಹೋದ ದಿನಗಳಲ್ಲೇ ಅದರಲ್ಲಿ ಒಂದು ಭಾಗ ಲೂಟಿಯಾಯಿತು. ಪೈಪು, ಪಂಪು, ಪ್ಲಾಸ್ಟಿಕ್ ಹಾಳೆ ಹೊತ್ತೊಯ್ದರು. ಅಬ್ಬಾಸ್ ಪೊಲೀಸರು ನೋಡುತ್ತಾ ನಿಂತರು.

ಉಳಿದ ಹಸಿರುಮನೆಗಳಲ್ಲಿ ಬೆಳೆ ಬಂತು. ಆದರೆ ಅದು ಹೊರಗೆ ಹೋಗಬೇಕಲ್ಲ? ಗಡಿ, ಸಮುದ್ರ, ಆಕಾಶ ಮೂರೂ ಇಸ್ರೇಲ್ ಕೈಯಲ್ಲೇ ಇದ್ದವು. ನವೆಂಬರ್ 15ರಂದು ಅಮೆರಿಕದ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ರಾತ್ರಿಯೆಲ್ಲಾ ಕೂತು ಒಂದು ಒಪ್ಪಂದ ಮಾಡಿಸಿದರು. ವರ್ಷಾಂತ್ಯಕ್ಕೆ ಕರ್ನಿಯಿಂದ ದಿನಕ್ಕೆ 150 ಲಾರಿ ಸರಕು ಹೊರಗೆ, ಡಿಸೆಂಬರ್ 15ರಿಂದ ಗಾಜಾ ಮತ್ತು ಪಶ್ಚಿಮ ದಂಡೆ ನಡುವೆ ಬಸ್ಸು. ಈಜಿಪ್ಟ್ ಗಡಿಯ ರಫಾ ಬಾಗಿಲು ಯುರೋಪಿನ ವೀಕ್ಷಕರ ಕಣ್ಣೆದುರು ತೆರೆಯಿತು. ಬಸ್ಸು ಮಾತ್ರ ಒಂದು ದಿನವೂ ಓಡಲಿಲ್ಲ. ದಾಳಿಯ ಭಯ ಅಂತ ಕರ್ನಿ ಪದೇಪದೇ ಮುಚ್ಚಿತು, ತರಕಾರಿ ಅಲ್ಲೇ ಕೊಳೆಯಿತು.

2006ರ ಜನವರಿಯಲ್ಲಿ ಎರಡು ಹೊಡೆತ. ಲಿಕುಡ್ ಬಿಟ್ಟು ಕದೀಮಾ ಎಂಬ ಹೊಸ ಪಕ್ಷ ಕಟ್ಟಿದ್ದ ಶರೋನ್‌ಗೆ ಜನವರಿ 4ರಂದು ಪಾರ್ಶ್ವವಾಯು ಹೊಡೆಯಿತು. ಎಂಟು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು 2014ರಲ್ಲಿ ತೀರಿಕೊಂಡರು. ಜನವರಿ 25ರಂದು ಪ್ಯಾಲೆಸ್ಟೀನ್ ಸಂಸತ್ತಿನ ಚುನಾವಣೆಯಲ್ಲಿ 132 ಸ್ಥಾನಗಳಲ್ಲಿ ಹಮಾಸ್ 74 ಗೆದ್ದಿತು, ಫತಹ್ 45.

ಈ ಅಂಕಿ ನೋಡಿ ಜನ ಯುದ್ಧಕ್ಕೇ ಮತ ಹಾಕಿದರು ಅನ್ನುವವರಿದ್ದಾರೆ. ಸ್ವಲ್ಪ ಬಿಡಿಸಿ ನೋಡಬೇಕು. ಪಕ್ಷದ ಪಟ್ಟಿಗೆ ಬಿದ್ದ ಮತ ಹಮಾಸ್‌ಗೆ 44 ಶೇಕಡಾ, ಫತಹ್‌ಗೆ 41. ಅದರಲ್ಲಿ ಸ್ಥಾನಗಳೂ 29, 28 ಅಂತ ಸಮಸಮ. ಉಳಿದರ್ಧ ಸ್ಥಾನಗಳು ಜಿಲ್ಲಾವಾರು. ಅಲ್ಲಿ ಫತಹ್‌ನಲ್ಲಿ ಟಿಕೆಟ್ ಸಿಗದವರೆಲ್ಲ ಬಂಡಾಯ ನಿಂತು ತಮ್ಮ ಮತ ತಾವೇ ಒಡೆದುಕೊಂಡರು. ಹಮಾಸ್ 45, ಫತಹ್ 17. ಬಂಡಾಯ ಅಭ್ಯರ್ಥಿ ಏನು ಮಾಡಬಲ್ಲ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಜೊತೆಗೆ ಫತಹ್‌ನ ಭ್ರಷ್ಟಾಚಾರಕ್ಕೆ ಜನ ರೋಸಿಹೋಗಿದ್ದರು. ಅಬ್ಬಾಸ್ ಹಮಾಸನ್ನು ಚುನಾವಣೆಯೊಳಗೆ ತಂದರು. ಅವರು ಹೇಳಿದ ಅರ್ಧ ಕೆಲಸ ಆಯಿತು. ಪಳಗಿಸುವ ಅರ್ಧಕ್ಕೆ ಬೇಕಾದ ಸರಕು ಅವರ ಬಳಿ ಇರಲಿಲ್ಲ. 2007ರ ಜೂನ್‌ನಲ್ಲಿ ಅವರು ಹೆದರಿದ್ದ ಅಣ್ಣತಮ್ಮಂದಿರ ಯುದ್ಧ ನಡೆದೇಹೋಯಿತು. ಗಾಜಾ ಹಮಾಸ್ ವಶವಾಯಿತು.

ಆಮೇಲೂ ಪ್ರಯತ್ನಗಳು ನಡೆದವು. ಶರೋನ್ ನಂತರ ಬಂದ ಎಹುದ್ ಓಲ್ಮರ್ಟ್ 2008ರ ಸೆಪ್ಟೆಂಬರ್‌ನಲ್ಲಿ ಅಬ್ಬಾಸ್ ಮುಂದೆ ಒಂದು ನಕ್ಷೆ ಹರಡಿದರು. ಅಲ್ಲಿಯವರೆಗೆ ಇಸ್ರೇಲಿ ಪ್ರಧಾನಿಯೊಬ್ಬರು ಕೊಟ್ಟದ್ದರಲ್ಲೇ ದೊಡ್ಡ ಕೊಡುಗೆ ಅದು. ಆದರೆ ಆಗ ಓಲ್ಮರ್ಟ್ ಭ್ರಷ್ಟಾಚಾರದ ಆರೋಪದಲ್ಲಿ ಕುರ್ಚಿಯಿಂದ ಇಳಿಯುವ ಹಂತದಲ್ಲಿದ್ದರು. ಅಬ್ಬಾಸ್ ಸಹಿ ಹಾಕಲಿಲ್ಲ. ಬರಿಗೈ ಈ ಸಲ ಆ ಕಡೆಯದು. ಅಲ್ಲಿಂದೀಚೆಗೆ 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಆಯಿತು, ಗಾಜಾದ ಸರ್ವನಾಶ ಆಯಿತು. 2005ರಲ್ಲಿ ಜೆರುಸಲೇಮ್ ಬಿಟ್ಟು ಪಶ್ಚಿಮ ದಂಡೆಯಲ್ಲಿ ಎರಡೂವರೆ ಲಕ್ಷದಷ್ಟಿದ್ದ ವಸಾಹತುದಾರರು ಈಗ ಐದು ಲಕ್ಷ ದಾಟಿದ್ದಾರೆ.

ಹಾಗಾಗಿ ಹೊಸ ನಾಯಕರ ಹೆಸರು ಕೇಳಿಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಬೇರೆ. ಇವರ ಪೊಲೀಸರಿಗೆ ಸಂಬಳ ಕೊಡುವವರು ಯಾರು? ಮೊದಲ ಆರು ತಿಂಗಳಲ್ಲಿ ಯಾವ ಚೆಕ್‌ಪೋಸ್ಟು ತೆಗೆಯುತ್ತಾರೆ, ಯಾವ ಕೈದಿ ಮನೆಗೆ ಬರುತ್ತಾನೆ? ಏನಾದರೂ ಬಿಟ್ಟುಕೊಟ್ಟರೆ ಅದನ್ನು ಯಾರ ಕೈಗೆ ಕೊಡುತ್ತಾರೆ? ಇಸ್ರೇಲಿನ ಮನೆಯೊಂದರಲ್ಲಿ ರಾತ್ರಿ ಬಾಗಿಲು ಹಾಕುವ ತಾಯಿಗೆ ಹಿಂದಿನ ವರ್ಷಕ್ಕಿಂತ ಭಯ ಕಡಿಮೆ ಅನ್ನಿಸುತ್ತದಾ?

ಅಬ್ಬಾಸ್ 2005ರಲ್ಲಿ ಗೆದ್ದದ್ದು ನಾಲ್ಕು ವರ್ಷದ ಅವಧಿಗೆ. ಅದು 2009ರ ಜನವರಿಯಲ್ಲಿ ಮುಗಿಯಿತು. ಆಮೇಲೆ ಅಧ್ಯಕ್ಷ ಚುನಾವಣೆ ನಡೆಯಲೇ ಇಲ್ಲ. 2025ರಲ್ಲಿ ತೊಂಬತ್ತು ತುಂಬಿದಾಗಲೂ ಅವರೇ ಆ ಕುರ್ಚಿಯಲ್ಲಿದ್ದರು. 2005ರ ಆ ಜನವರಿಯ ಭಾನುವಾರ ಸಾಲಿನಲ್ಲಿ ನಿಂತು ಮೊದಲ ಸಲ ಮತ ಹಾಕಿದ ಹದಿನೆಂಟರ ಹುಡುಗಿಗೆ ಈಗ ನಲವತ್ತರ ಹತ್ತಿರ. ಅವಳಿಗಿಂತ ಚಿಕ್ಕ ಪ್ಯಾಲೆಸ್ಟೀನಿಯರು ಯಾರೂ ತಮ್ಮ ಅಧ್ಯಕ್ಷನನ್ನು ಆರಿಸಲು ಇದುವರೆಗೆ ಮತ ಹಾಕಿಲ್ಲ.